ಏಸಿ ಗುಂಡಿಯ ಮೇಲಿನ ಎಲ್ಲವ್ವ

ಚಳಿಗಾಲದಲ್ಲಿ ಕಾರಿನ ಏಸಿ ಹಾಕುವವರನ್ನು ಮಾಂತೇಶ ಮನುಷ್ಯರ ಸಾಲಿಗೇ ಸೇರಿಸಿರಲಿಲ್ಲ. ನಿಜ ಹೇಳಬೇಕೆಂದರೆ, ಬೇಸಿಗೆಯಲ್ಲಿ ಹಾಕುವವರ ಮೇಲೂ ಅವನಿಗೆ ಅಂಥ ಗೌರವವಿರಲಿಲ್ಲ. ಗೋವಾಕ್ಕೆ ಕೂಲಿಯಾಗಿ ಬಂದು, ಸೆಂಟ್ರಿಂಗ್ ಮೇಸ್ತ್ರಿಯಾಗಿ ಬಡ್ತಿ ಪಡೆದು, ಚಿಂಬಲ್ಲಿನ ಮನೆಯ ಮುಂದೆ ಹಳೆಯ ಕಾರೊಂದನ್ನು ತಂದು ನಿಲ್ಲಿಸಿದ ದಿನವೇ ಏಸಿಯ ಗುಂಡಿಯ ಮೇಲೆ ಸವದತ್ತಿ ಎಲ್ಲವ್ವನ ಪುಟ್ಟ ಫೋಟೋ ಅಂಟಿಸಿಬಿಟ್ಟಿದ್ದ. ಹೆಂಡತಿ ದ್ರಾಕ್ಷಾಯಿಣಿ ಅತ್ತ ಬೆರಳು ಚಾಚಿದರೆ ಸಾಕು, "ಏ, ತಾಯಿ ಮ್ಯಾಲ ಬಟ್ಟ ಇಡತಿಯೇನ?" ಎಂದು ಗದರುತ್ತಿದ್ದ. ಪೆಟ್ರೋಲ್ ಕಾಯಲು ಸಾಕ್ಷಾತ್ ಜಗನ್ಮಾತೆಯನ್ನೇ ಕಾವಲಿಗೆ ಕೂರಿಸಿದ ಮಹಾನುಭಾವ ಅವನೊಬ್ಬನೇ ಇರಬೇಕು. (ಫ್ಯಾನಿಗೆ ಮಾತ್ರ ಪರವಾನಗಿಯಿತ್ತು. ಅದು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು.)

ಹಿಂದಿನ ಮೇ ತಿಂಗಳಲ್ಲಿ ಮಾವ ಹಣಮಪ್ಪನವರನ್ನು ಅವನೇ ಫೋನು ಮಾಡಿ ಕರೆಸಿಕೊಂಡಿದ್ದ. "ಬರ್ರಿ ಮಾವಾರ, ಏಸಿ ಗಾಡ್ಯಾಗ ಗೋವಾ ತೋರಸ್ತೇನಿ!" ಮುದುಕ ಮಡಿ ಧೋತರ ಉಟ್ಟು, ಮುಂದಿನ ಸೀಟಿನಲ್ಲಿ ಕೂತು, ಸ್ವಲ್ಪ ಹೊತ್ತು ಕಾದು ಕೇಳಿದ್ದರು: "ಅಳಿಯಾರ, ಏಸಿ ಎಲ್ಲೈತ್ರಿ?"

"ಆ ಜಾಗಾದಾಗ ತಾಯಿ ಕುಂತಾಳ್ರಿ ಮಾವಾರ."

ಹಣಮಪ್ಪ ಭಕ್ತಿಯಿಂದ ಕೈ ಮುಗಿದರು. ಆಮೇಲೆ ಸಮುದ್ರ ನೋಡಿ ಬರುವವರೆಗೂ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೂತಿದ್ದರು.

ಆ ಮಾವ ಈಗ ಡಿಸೆಂಬರ್ ಚಳಿಯಲ್ಲಿ ತೀರಿಕೊಂಡಿದ್ದರು. ಸುದ್ದಿ ಬಂದಾಗ ಮಾಂತೇಶ ಸ್ಲ್ಯಾಬ್ ಹಾಕಿಸುತ್ತಿದ್ದ. ಕಾಂಕ್ರೀಟು ಅರ್ಧಕ್ಕೆ ನಿಲ್ಲಿಸುವಂತಿಲ್ಲ. "ಮುಗಿಸಿ ಕಾರಿನ್ಯಾಗ ಹೋಗೂಣು, ಬಸ್ಸಿಗಿಂತ ಲಗೂ ಮುಟ್ಟತೇವಿ" ಎಂದ. ಸ್ಲ್ಯಾಬ್ ಮುಗಿಯುವ ಹೊತ್ತಿಗೆ ಊರಲ್ಲಿ ಮಣ್ಣೂ ಮುಗಿದಿತ್ತು. ಅಪ್ಪನ ಮುಖ ನೋಡಲಾಗದ ದ್ರಾಕ್ಷಾಯಿಣಿಗೆ ಉಳಿದದ್ದು ಮೂರನೇ ದಿನದ ಹಾಲು-ತುಪ್ಪ ಒಂದೇ. ಬಿಸಿಲೇರುವ ಮೊದಲು ಮಣ್ಣು ಕೊಟ್ಟ ಜಾಗಕ್ಕೆ ಹಾಲು ಎರೆಯಬೇಕು. ಬೆಳಗಾವಿಯ ಆಚೆಗಿನ ಊರು. ನಸುಕಿನಲ್ಲೇ ಹೊರಟರು. ಹಿಂದಿನ ಸೀಟಿನಲ್ಲಿ ಸತ್ತವರ ತಂಗಿ, ಚಿಂಬಲ್ಲಿನಲ್ಲೇ ಇದ್ದ ಭಾಗವ್ವತ್ತೆ.

ಚೋರ್ಲಾ ಘಾಟಿ ಏರುತ್ತಿದ್ದಂತೆ ಹೊರಗೆ ಮಂಜು, ಒಳಗೆ ಭಾಗವ್ವ. ಅಣ್ಣನ ಗುಣಗಳನ್ನು ಒಂದೊಂದಾಗಿ ಹಾಡಿ ಹಾಡಿ ಅಳುತ್ತಿದ್ದಳು. ಮುಂದೆ ದ್ರಾಕ್ಷಾಯಿಣಿ ಸದ್ದಿಲ್ಲದೆ ಅಳುತ್ತಿದ್ದಳು. ಇಬ್ಬರ ಬಿಸಿಯುಸಿರಿಗೆ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಗತೊಡಗಿತು. ಮಾಂತೇಶ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಟವೆಲ್ ಹಿಡಿದು ಒರೆಸಿದ. ಒರೆಸಿದಷ್ಟೂ ಕಟ್ಟಿತು.

"ಅಳೋದಿದ್ರ ಉಸರು ಹಿಡದು ಅಳ್ರಿ. ಕಾಚಿಗೆ ಉಗಿ ಹಿಡಿತೈತಿ!" ಎಂದ ಕೊನೆಗೆ.

ಭಾಗವ್ವನ ಹಾಡು ನಡುವೆಯೇ ನಿಂತಿತು. "ನಮ್ಮಣ್ಣ ಸತ್ತಾನಪಾ. ನಿನ್ನ ಕಾಚ ಕೇಳಿ ಅಳಬೇಕೇನ?"

ಕಿಟಕಿ ಇಳಿಸಿದ. ಚಳಿ ಒಳಗೆ ನುಗ್ಗಿತು. "ಅಣ್ಣನ ಸಂಗಾಟ ನನ್ನೂ ಕಳಸ್ತಿಯೇನ?" ಎಂದು ಭಾಗವ್ವ ಕೆಮ್ಮಿದಳು. ಏರಿಸಿದ. ಗಾಜು ಸುಣ್ಣ ಹೊಡೆದ ಗೋಡೆಯಾಯಿತು. ಎದುರಿನಿಂದ ಲಾರಿಯ ಹಾರ್ನು ಮೊಳಗಿತು. ಮಾಂತೇಶ ಕಾರನ್ನು ಬದಿಗೆ ಹಾಕಿ, ಎಂಜಿನ್ ಬಂದ್ ಮಾಡದೆ ನಿಲ್ಲಿಸಿದ.

"ಬಿಸಲು ಬೀಳೂ ಮಟ ಇಲ್ಲೇ ನಿಂದ್ರೂಣು."

"ಬಿಸಲು ಬಿದ್ರ ಎಲ್ಲಾ ಮುಗೀತೈತ್ರಿ!" ದ್ರಾಕ್ಷಾಯಿಣಿಯ ದನಿ ಒಡೆಯಿತು. "ಮಣ್ಣಿಗೂ ಇಲ್ಲ, ಹಾಲಿಗೂ ಇಲ್ಲ. ನಾ ಎಂಥಾ ಮಗಳ್ರಿ?" ಎಂದವಳೇ, "ನೀನ ದಾರಿ ತೋರಸವ್ವಾ!" ಎಂದು ಎಲ್ಲವ್ವನ ಪಾದಕ್ಕೆ ಹೆಬ್ಬೆರಳನ್ನು ಬಲವಾಗಿ ಒತ್ತಿದಳು.

ಟಕ್ ಎಂದಿತು. ಎಂಜಿನ್ ಒಮ್ಮೆ ನರಳಿತು. ತಣ್ಣನೆಯ ಗಾಳಿ ಬೀಸಿ, ನೋಡನೋಡುತ್ತಿದ್ದಂತೆ ಗಾಜಿನ ಕೆಳಗಿನಿಂದ ತೆರೆ ಸರಿದು ರಸ್ತೆ ಕಾಣಿಸಿತು.

"ಉಧೋ! ಉಧೋ ಎಲ್ಲವ್ವಾ!" ಭಾಗವ್ವ ಸೀಟಿನಿಂದ ಜಿಗಿದು ಕಾರಿನ ಚಾವಣಿಗೆ ತಲೆ ಬಡಿಸಿಕೊಂಡಳು.

ಏಸಿ ಹಾಕಿದರೆ ಗಾಜು ತಿಳಿಯಾಗುತ್ತದೆಂದು ಮಾಂತೇಶನಿಗೂ ಗೊತ್ತಾದದ್ದು ಆ ಗಳಿಗೆಯಲ್ಲೇ. "ಅದು ಎಲ್ಲವ್ವ ಅಲ್ಲ..." ಎಂದು ಬಾಯಿ ತೆರೆದ. ಮುಂದಿನ ಮಾತು ಹೇಳಬೇಕಾದರೆ ತಾಯಿಯನ್ನು ಅಲ್ಲೇಕೆ ಕೂರಿಸಿದೆ ಎಂಬುದನ್ನೂ ಹೇಳಬೇಕಿತ್ತು. ಬಾಯಿ ಮುಚ್ಚಿ ಗೇರು ಹಾಕಿದ.

ಎಳೆಬಿಸಿಲು ಬೀಳುವಷ್ಟರಲ್ಲಿ ಊರು ಮುಟ್ಟಿದರು. ದ್ರಾಕ್ಷಾಯಿಣಿ ಹಾಲು ಎರೆದಳು. ಹಸಿ ಮಣ್ಣಿಗೆ ಹಣೆ ಹಚ್ಚಿ ಬಹಳ ಹೊತ್ತು ಏಳಲಿಲ್ಲ. ಅಷ್ಟರಲ್ಲಿ ಭಾಗವ್ವ ಘಾಟಿಯ ಪವಾಡವನ್ನು ಊರಿಗೆಲ್ಲ ಹಂಚಿದ್ದಳು. ಹೆಂಗಸರು ಅರಿಷಿಣ-ಕುಂಕುಮ ಹಿಡಿದು ಬಂದು, ಒಬ್ಬರಾದ ಮೇಲೊಬ್ಬರು ತಾಯಿಯ ಪಾದ ಒತ್ತಿದರು. ಯಾರೋ ಬಾನೆಟ್ಟಿನ ಮೇಲೆಯೇ ಕಾಯಿ ಒಡೆದರು. ಮಾಂತೇಶ ಕೈ ಮುಗಿದುಕೊಂಡು ಬಾನೆಟ್ಟಿನ ತಗ್ಗನ್ನು ನೋಡುತ್ತಿದ್ದ.

ಭಾಗವ್ವ ತವರಿನಲ್ಲೇ ಉಳಿದಳು. ತಿಥಿಯ ದಿನಕ್ಕೆ ಮತ್ತೆ ಬರುವುದೆಂದು ಗಂಡ ಹೆಂಡತಿ ಸಂಜೆ ಹೊರಟರು. ಹೆಂಗಸರು ಒತ್ತಿ ಒತ್ತಿ ಕೊನೆಗೆ ಏಸಿ ಹತ್ತಿಯೇ ಇತ್ತು. ಘಾಟಿಯ ಚಳಿಯಲ್ಲಿ ಹಲ್ಲು ಕಟಕಟಿಸತೊಡಗಿದಾಗ ಮಾಂತೇಶ ಫೋಟೋದ ಕಡೆ ಮೆಲ್ಲಗೆ ಬೆರಳು ಚಾಚಿದ.

"ತಾಯಿ ಮ್ಯಾಲ ಬಟ್ಟ ಇಡತೀರೇನ್ರಿ?"

ಬೆರಳು ಅಲ್ಲೇ ನಿಂತಿತು. "ನಿನಗ... ಗೊತ್ತೈತೇನ?"

"ಮೇ ತಿಂಗಳದಾಗನ ಗೊತ್ತಿತ್ರಿ." ದ್ರಾಕ್ಷಾಯಿಣಿ ಕಿಟಕಿಯಾಚೆ ನೋಡುತ್ತಿದ್ದಳು. "ಅಪ್ಪಗೂ ಗೊತ್ತಾಗಿತ್ತು. 'ಇರ್ಲಿ ಬಿಡವ್ವಾ, ಕಷ್ಟಪಟ್ಟು ತಗೊಂಡ ಗಾಡಿ. ಅಳಿಯಾರ ಮುಂದ ಏನೂ ಅನಬ್ಯಾಡ' ಅಂದಿದ್ದ. ಚಿಂಬಲ್ ಮಟ ಹಂಗ ಇರ್ಲಿ ಅದು."

ಮಾಂತೇಶ ಕೈ ಹಿಂದಕ್ಕೆ ತೆಗೆದುಕೊಂಡ. ಟವೆಲನ್ನು ಕಿವಿಗೆ ಬಿಗಿದುಕೊಂಡು ಒಂದೆರಡು ತಿರುವು ಇಳಿದ. ಗಾಜು ತೊಳೆದಿಟ್ಟಂತೆ ತಿಳಿಯಾಗಿತ್ತು. ಆದರೂ ಅವನಿಗೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಮೂಗೆಳೆದ ಸದ್ದಿಗೆ ದ್ರಾಕ್ಷಾಯಿಣಿ ತಿರುಗಿ ನೋಡಿದಳು.

"ಅಳೋದಿದ್ರ ಉಸರು ಹಿಡದು ಅಳ್ರಿ," ಎಂದಳು. "ಕಾಚಿಗೆ ಉಗಿ ಹಿಡಿತೈತಿ."