ಐದು ಗುಣಗಳ ಹಾಳೆ

ಸ್ಫಾಕ್ಸ್ ಊರಿನ ಭೂಗೋಳದ ಮೇಷ್ಟ್ರು ಹಮ್ಮಾದಿಯವರಲ್ಲಿ ದೀಪ ಹಿಡಿದು ಹುಡುಕಿದರೂ ಒಂದು ಕುಂದಿರಲಿಲ್ಲ. ಹಾಗಂತ ಅವರೇ ಬರೆದಿಟ್ಟಿದ್ದರು. ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಮೇಷ್ಟ್ರಿಗೆ ಮೂವತ್ತೊಂಬತ್ತಕ್ಕೆ ಮತ್ತೆ ಓದುವ ಹುಚ್ಚು ಹಿಡಿದಿತ್ತು. ರಾಜಧಾನಿಯಲ್ಲಿ ಸ್ನಾತಕೋತ್ತರ ಪದವಿಗೆ ಸೇರಬೇಕು; ನಲವತ್ತು ದಾಟಿದರೆ ಅಲ್ಲಿ ಒಳಗೆ ಬಿಡುವುದಿಲ್ಲ. ಅರ್ಜಿಯ ಜೊತೆಗೆ ಹಳೆಯ ಗುರುಗಳ ಶಿಫಾರಸು ಪತ್ರ ಬೇಕು.

"ನಿನ್ನ ಮುಖ ನೆನಪಿದೆ ಮಗಾ, ಉಳಿದದ್ದೆಲ್ಲ ಮರೆತಿದೆ," ಅಂದಿದ್ದರು ಗುರು ಸೀ ತೀಜಾನಿ. "ನಿನ್ನ ಗುಣಗಳನ್ನ ಒಂದು ಹಾಳೇಲಿ ಬರ್ಕೊಂಡು ಬಾ. ಒಂದೊಂದಕ್ಕೂ ಪುರಾವೆ ಇರಲಿ. ಶನಿವಾರ ಮಧ್ಯಾಹ್ನ ದಾಟಿದ್ರೆ ನಾನಿಲ್ಲ."

ಸೋಮವಾರವೇ ಹಾಳೆ ಸಿದ್ಧವಾಯಿತು. ಒಂದು, ಮುತ್ತಿನಂಥ ಕೈಬರಹ. ಎರಡು, ಸಮಯಪಾಲನೆ. ಮೂರು, ಅಗಾಧ ಜ್ಞಾಪಕಶಕ್ತಿ. ನಾಲ್ಕು, ವಾಕ್ಚಾತುರ್ಯ. ಐದು, ಹೆಂಡತಿಯ ಸಂಪೂರ್ಣ ಬೆಂಬಲ.

ಹೆಂಡತಿ ಶಾದ್ಲಿಯಾ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದುತ್ತಾ ಓದಿ ಬೆಚ್ಚಿದಳು. "ರೀ, ಇಷ್ಟು ಹೊಗಳ್ಕೊಂಡು ಒಂದು ತಪ್ಪಾದ್ರೂ ಬೇಡ್ವಾ? ದೃಷ್ಟಿ ಆಗತ್ತೆ."

"ಓದಿದವಳ ಹಾಗೆ ಮಾತಾಡು. ಕಾಗದಕ್ಕೆ ಎಂಥಾ ದೃಷ್ಟಿ?"

"ಕೆಟ್ಟ ಕಣ್ಣಿಗೆ ಓದೋಕೆ ಬರಲ್ಲ ಅಂದ್ಕೊಂಡ್ರಾ?"

ಮಂಗಳವಾರ ಕಾರಿನ ಬಾಗಿಲಿಗೆ ಮೇಷ್ಟ್ರ ಬಲಗೈ ಬೆರಳು ಸಿಕ್ಕಿ ಬದನೆಕಾಯಿಯಾಯಿತು. ಸಂಜೆ ನೋಡಿದರೆ ಹಾಳೆಯ ಮೊದಲ ಸಾಲಿನ ಮೇಲೆ ಯಾರೋ ಒದ್ದೆ ಬೆರಳಿನಿಂದ ಗೀಟೆಳೆದಂತೆ ಒಂದು ಗೆರೆ. ಮನೆಯಲ್ಲಿ ಯಾರ ಕೈಯೂ ಒದ್ದೆಯಿರಲಿಲ್ಲ. ಬುಧವಾರ ಮನೆಯ ಮೂರೂ ಗಡಿಯಾರ ಏಳೂ ಹತ್ತಕ್ಕೆ ನಿಂತವು. ಮೇಷ್ಟ್ರು ತಲುಪುವಾಗ ಶಾಲೆಗೆ ಬೀಗ. ಎರಡನೆಯ ಸಾಲೂ ಒದ್ದೆ. ಗುರುವಾರ ಅವರು ತಮ್ಮದೇ ಓಣಿಯಲ್ಲಿ ನಿಂತು, ತಮ್ಮದೇ ಮನೆಯ ನೀಲಿ ಬಾಗಿಲು ನೋಡುತ್ತಾ, ತಮ್ಮದೇ ಹೆಂಡತಿಯನ್ನು "ಇಲ್ಲಿ ಹಮ್ಮಾದಿಯವರ ಮನೆ ಯಾವುದಮ್ಮಾ?" ಅಂತ ಕೇಳಿದರು. ಶುಕ್ರವಾರ ಗಂಟಲು ಹೋಯಿತು. (ಆ ಒಂದು ದಿನ ಮನೆಯಲ್ಲಿ ಶಾಂತಿಯಿತ್ತು ಎಂದು ಶಾದ್ಲಿಯಾ ಆಮೇಲೆ ಒಪ್ಪಿಕೊಂಡಳು.)

ಶನಿವಾರ ಬೆಳಿಗ್ಗೆ, ಕಿಟಕಿಗಳೆಲ್ಲ ಮುಚ್ಚಿದ ಕೋಣೆಯಲ್ಲಿ, ಐದನೆಯ ಸಾಲಿನ ತುದಿ ಇಬ್ಬರ ಕಣ್ಣೆದುರೇ ತೇವವಾಗತೊಡಗಿತು. ಅದರಿಂದ ಬಾವಿಯ ತಳದ ತಣ್ಣನೆ ಗಾಳಿ ಬಂತು.

ಮೇಷ್ಟ್ರು ಬಾಯಿ ಬಾಯಿ ಬಿಟ್ಟರು. ಶಾದ್ಲಿಯಾ ಪೆನ್ನು ಕಿತ್ತುಕೊಂಡಳು. "ಹೊಗಳಿಕೆ ಕೆಳಗೆ ಒಂದೊಂದು ಕುಂದು ಬರೆದ್ರೆ ದೃಷ್ಟಿ ಇಳಿಯತ್ತೆ. ಹೆದರಬೇಡಿ, ನನ್ನ ಹತ್ರ ಹನ್ನೊಂದು ವರ್ಷದ ದಾಸ್ತಾನಿದೆ."

ಮೊದಲು ಗಂಡನ ಮರ್ಯಾದೆಗೆ "ತುಸು ಸಂಕೋಚ ಸ್ವಭಾವ" ಎಂದು ಬರೆದಳು. ಏನೂ ಆಗಲಿಲ್ಲ. ಸುಳ್ಳು ನಾಟುವುದಿಲ್ಲ ಎಂದು ತಿಳಿಯಿತು. "ಈ ಮುತ್ತಿನ ಕೈ ಈವರೆಗೆ ಒಂದು ತಟ್ಟೆ ತೊಳೆದಿಲ್ಲ, ತಟ್ಟೆಗೆ ಕಾಲು ಬಂದು ತಾನೇ ನಡೆದು ಹೋಗತ್ತೆ ಅಂತ ನಂಬಿದ್ದಾರೆ" ಎಂದು ಬರೆದಳು. ಬೆರಳಿನ ಬಾವು ಸುಯ್ಯೆಂದು ಇಳಿಯಿತು. "ಸಮಯಪಾಲನೆ ಊಟದ ಹೊತ್ತಿಗೆ ಮಾತ್ರ" ಎಂದಳು. ಮೂರು ಗಡಿಯಾರ ಒಟ್ಟಿಗೆ ಟಿಕ್ ಅಂದವು. "ನೆನಪಿರುವುದು ತಾವು ಮಾಡಿದ ಉಪಕಾರಗಳಷ್ಟೇ" ಎಂದಳು. ಮೇಷ್ಟ್ರಿಗೆ ಮನೆಯ ಗುರುತು ಹತ್ತಿತು. "ನಾನು ಮಾತು ಮುಗಿಸುವ ಮೊದಲೇ ಇವರದು ಶುರು."

"ಸುಳ್ಳು ಕಣೇ! ನಾನ್ಯಾವತ್ತು..." ಗಂಟಲು ಬಂದಿತ್ತು.

"ಇನ್ನೂ ಚುಕ್ಕೆ ಇಟ್ಟಿಲ್ಲ ನಾನು!"

ಐದನೆಯದಕ್ಕೆ ಅವಳ ಪೆನ್ನು ನಿಂತಿತು. "ಇದು ನಿಮ್ಮ ಗುಣ ಅಲ್ವಲ್ಲ, ನನ್ನದು. ನೀವು ರಾಜಧಾನಿಗೆ ಹೋಗ್ಲಾ ಅಂತ ನನ್ನನ್ನ ಯಾವತ್ತು ಕೇಳಿದ್ರಿ?"

ತೇವದ ಗೆರೆ ಸಾಲಿನ ಅರ್ಧಕ್ಕೆ ಬಂದಿತ್ತು. ಶಾದ್ಲಿಯಾ ಯಾರೋ ಕರೆದಂತೆ ಎದ್ದು ಬಾಗಿಲ ಕಡೆ ತಿರುಗಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮೇಷ್ಟ್ರು ಅವಳ ಕೈ ಹಿಡಿದರೆ ಮಂಜುಗಡ್ಡೆ. ಅವಳು ಒಂದು ಹೆಜ್ಜೆ ಇಟ್ಟಳು, ಇನ್ನೊಂದು. ಮೇಷ್ಟ್ರು ಒಂದು ಕೈಯಲ್ಲಿ ಅವಳನ್ನು ಜಗ್ಗುತ್ತಾ, ಇನ್ನೊಂದು ಕೈಯಲ್ಲಿ ಕೋಳಿ ಕೆದರಿದ ಹಾಗೆ ಗೀಚಿದರು: "ಕೇಳಲೇ ಇಲ್ಲ. ತಪ್ಪು ನನ್ನದು."

ಗೆರೆ ನಿಂತಿತು. "ಯಾಕ್ರೀ ಹೀಗೆ ಜಗ್ತೀರಾ, ತೋಳು ಕಿತ್ಕೊಂಡು ಬಂತು!" ಎಂದಳು ಶಾದ್ಲಿಯಾ. ಮೇಷ್ಟ್ರಿಗೆ ಅಷ್ಟು ಇಂಪಾದ ಬೈಗುಳ ಹಿಂದೆಂದೂ ಕೇಳಿದ ನೆನಪಿರಲಿಲ್ಲ.

ಹನ್ನೊಂದೂವರೆಗೆ ಇಬ್ಬರೂ ಗುರುಗಳ ಎದುರು ನಿಂತರು. ಸೀ ತೀಜಾನಿ ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಗುಣಗಳನ್ನ ಎಲ್ಲರೂ ತರ್ತಾರೆ. ಈ ಕುಂದುಗಳನ್ನ ಯಾರು ಬರೆದದ್ದು?"

"ನಾನು, ಸೀದಿ," ಎಂದು ಶಾದ್ಲಿಯಾ ಗೌರವದಿಂದ ತಲೆಬಾಗಿದಳು. "ಮದುವೆಯಾಗಿ ಹನ್ನೊಂದು ವರ್ಷ."

"ಹನ್ನೊಂದು ವರ್ಷದ ಅಧ್ಯಯನ! ಒಂದು ಮಾತು ಹೆಚ್ಚಿಲ್ಲ. ಹಮ್ಮಾದಿ, ನಿನ್ನ ಪತ್ರ ಬರೀತೀನಿ, ಹೋಗು. ಆದ್ರೆ ಮಗಳೇ, ನೀನೂ ಅರ್ಜಿ ಹಾಕ್ಬೇಕು. ನಿನ್ನನ್ನ ನಾನು ಬಲ್ಲವನಲ್ಲ. ನಿನ್ನ ಬಗ್ಗೆ ಹತ್ತಿರದವರು ಒಂದು ಹಾಳೆ ಬರ್ಕೊಡ್ಲಿ. ನಿನಗೋಸ್ಕರ ಇವತ್ತು ಸಂಜೆವರೆಗೂ ಕಾಯ್ತೀನಿ."

ಮನೆಗೆ ಬಂದು ಮೇಷ್ಟ್ರು ಹೊಸ ಹಾಳೆಯಲ್ಲಿ ಬರೆದರು: ಒಂದು, ಶಾದ್ಲಿಯಾಳ ತಾಳ್ಮೆ ಅಪಾರ. ಬರೆದ ಅಕ್ಷರದ ತುದಿ ಆಗಲೇ ತೇವವಾಗುತ್ತಿತ್ತು. ಕೆಳಗೆ ಒಂದು ಕುಂದು ಬರೆಯಬೇಕು. ಅದೂ ನಿಜವಾದದ್ದು.

"ಬರೀರಿ, ಯಾಕೆ ತಡ?" ಶಾದ್ಲಿಯಾ ಅವರ ಹೆಗಲ ಮೇಲಿಂದ ಬಗ್ಗಿ ಓದುತ್ತಾ ಕೇಳಿದಳು. "ಏನಾದ್ರೂ ಇದ್ರೆ ತಾನೇ?"