ಸಾಸಿವೆ ಕಾಳಿನಷ್ಟು ಲೇಟು

ನಮ್ಮ ಮಾವ ಜೀವಮಾನದಲ್ಲಿ ಎಲ್ಲಿಗೂ ಹೇಳಿದ ಹೊತ್ತಿಗೆ ಹೋದವರಲ್ಲ. ಆದರೆ ಬೇರೆಯವರು ಸಾಸಿವೆ ಕಾಳಿನಷ್ಟು ತಡ ಮಾಡಿದರೂ ಅವರು ಕ್ಷಮಿಸಿದ್ದನ್ನು ನಾನು ಕಂಡಿಲ್ಲ. ಇದೆಂಥ ನ್ಯಾಯ ಅಂತ ನೀವು ಕೇಳಬಹುದು. ನಾವೂ ಕೇಳಿದ್ದೇವೆ. ಮದುವೆಗೆ ಲೇಟಾದರೆ ಊಟ ಎತ್ತಿಟ್ಟಿರುತ್ತಾರೆ, ತಾಳಕ್ಕೆ ಲೇಟಾದರೆ ಯಾರು ಎತ್ತಿಡುತ್ತಾರೆ ಅನ್ನುವುದು ಅವರ ವಾದ. ನನ್ನ ನಾಮಕರಣಕ್ಕೆ ಅವರು ಬಂದು ತಲುಪಿದಾಗ ನಾನು ನಡೆದಾಡುತ್ತಿದ್ದೆ ಅನ್ನುತ್ತಾಳೆ ಅಮ್ಮ. ಅದು ಶುದ್ಧ ಉತ್ಪ್ರೇಕ್ಷೆ. ಅಂಬೆಗಾಲಿಡುತ್ತಿದ್ದೆ, ಅಷ್ಟೇ!

ಅಮ್ಮನ ಈ ತಮ್ಮ ಬೇಸ್ ಗಿಟಾರ್ ನುಡಿಸುತ್ತಾರೆ. ನಾಲ್ಕೇ ತಂತಿ, ದಪ್ಪ ದನಿ. ನಾಲ್ಕು ಜನರ ಅವರ ಫಂಕ್ ರಾಕ್ ಬ್ಯಾಂಡಿಗೆ ಈಗ ನಲವತ್ತು ದಾಟಿದೆ, ಅದರಲ್ಲಿರುವವರಿಗೆಲ್ಲ ಅರವತ್ತು ದಾಟಿದೆ. ಬ್ಯಾಂಡಿನ ಹೆಸರು ಹೇಳಲಾರೆ. ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಇದೆ. ಕನ್ನಡಕ್ಕೆ ತಂದರೆ ಮನೆಯಲ್ಲಿ ಹೇಳುವ ಹಾಗಿಲ್ಲ.

ಅಮೃತಹಳ್ಳಿಯಲ್ಲಿ ಇವರ ಮನೆಯ ಸುತ್ತ ಇನ್ನೂ ದ್ರಾಕ್ಷಿ ತೋಟ ಇದ್ದಾಗಲೇ ಈ ಹುಚ್ಚು ಶುರುವಾಗಿತ್ತು. ನಮ್ಮ ತಾತನಿಗೆ 'ಫಂಕ್' ಅನ್ನುವ ಶಬ್ದ ಕೊನೆಯವರೆಗೂ ಕಿವಿಗೆ ಹತ್ತಲಿಲ್ಲ. ಮಗ ಏನು ಮಾಡುತ್ತಿದ್ದಾನೆ ಅಂತ ಯಾರಾದರೂ ಕೇಳಿದರೆ, "ನಮ್ ಉಡುಗ ಪಂಪ್ ಕೆಲ್ಸ ಮಾಡ್ತಾವ್ನೆ" ಅಂತ ಹೆಮ್ಮೆಯಿಂದ ಹೇಳುತ್ತಿದ್ದರಂತೆ. ಹುಣಸಮಾರನಹಳ್ಳಿಯಿಂದ ಒಬ್ಬರು ಸುಟ್ಟುಹೋದ ಮೋಟಾರನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ಬಾಗಿಲಲ್ಲಿ ಇಳಿಸಿ, ಸಾಯಂಕಾಲದೊಳಗೆ ಬೇಕು ಅಂದರಂತೆ. ಮಾವ ಅದನ್ನು ಬಿಚ್ಚಿ ನೋಡಿದ್ದೂ ನಿಜ, ಅದು ಆಮೇಲೆ ಯಾವತ್ತೂ ಓಡದೇ ಹೋದದ್ದೂ ನಿಜ.

ಫಂಕ್ ಅಂದರೆ ಏನು ಅಂತ ಮಾವನನ್ನು ಕೇಳುವ ತಪ್ಪು ಮಾಡಬೇಡಿ, ಊಟ ತಣ್ಣಗಾಗುತ್ತದೆ. ನಾನೇ ಹೇಳಿಬಿಡುತ್ತೇನೆ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಹೋಗಬೇಕು. ಆ 'ಒಂದು' ಬಂದಾಗ ಡ್ರಮ್ಮೂ ಬೇಸೂ ಒಟ್ಟಿಗೆ ನೆಲಕ್ಕೆ ಗುದ್ದಬೇಕು. ಮಿಕ್ಕ ಮೂರರಲ್ಲಿ ಯಾರು ಎಲ್ಲಿ ಬೇಕಾದರೂ ಅಲೆದುಕೊಂಡಿರಲಿ, ಒಂದಕ್ಕೆ ಮಾತ್ರ ಎಲ್ಲರೂ ಮನೆಗೆ ಬಂದಿರಬೇಕು. ಇಷ್ಟೇ. ಇಷ್ಟು ಹೇಳಲು ಮಾವನಿಗೆ ಎರಡು ಗಂಟೆ ಬೇಕು.

ಅವರ ಮದುವೆಯ ಕತೆಯನ್ನು ಅತ್ತೆ ಹೇಳಬೇಕು, ನಾವು ಕೇಳಬೇಕು. ಮುಹೂರ್ತ ಬಂತು, ಪುರೋಹಿತರು ಕೈ ಎತ್ತಿದರು, ಗಟ್ಟಿಮೇಳ ಮೊಳಗಿತು. ಮಾವ ತಾಳಿಯನ್ನು ಅತ್ತೆಯ ಕತ್ತಿನ ಹತ್ತಿರ ಹಿಡಿದವರು ಅಲ್ಲೇ ನಿಂತುಬಿಟ್ಟರು. ಡೋಲಿನವನ ಕಡೆ ತಿರುಗಿ, "ಮೊದಲ್ನೇ ಪೆಟ್ಟು ಒಂಚೂರು ಲೇಟ್ ಆಯ್ತು ಗುರು. ಇನ್ನೊಂದ್ ಸಲ" ಅಂದರು. ಡೋಲಿನವನು ಪುಣ್ಯಾತ್ಮ, ಮತ್ತೆ ಹೊಡೆದ. ಈ ಸಲ ಸರಿಯಾಗಿ ಬಿತ್ತು, ತಾಳಿಯೂ ಬಿತ್ತು. ಇನ್ನೊಂದು ಸಲ ಅಂದದ್ದು ಡೋಲಿಗೋ ಹೆಣ್ಣಿಗೋ ಅಂತ ಗೊತ್ತಾಗುವವರೆಗೆ ತನ್ನ ಜೀವ ಬಾಯಿಗೆ ಬಂದಿತ್ತು ಅನ್ನುತ್ತಾರೆ ಅತ್ತೆ.

ಇಂಥವರ ಬ್ಯಾಂಡಿನಲ್ಲಿ ಡ್ರಮ್ ಹೊಡೆಯುವವರ ಪಾಡು ಏನಿರಬೇಡ? ಆ ಪಾಡು ಅಂತೋಣಿ ಅಂಕಲ್‌ದು. ಶೆಟ್ಟಿಹಳ್ಳಿಯವರು, ಲೇತ್ ಮಷೀನಿನ ಮುಂದೆ ನಿಂತು ನಿಂತೇ ನಿವೃತ್ತರಾದವರು. ಶುರುವಿನಿಂದಲೂ ಬ್ಯಾಂಡಿನಲ್ಲಿರುವ ಅವರನ್ನು ಮಾವ ಬೈಯದ ದಿನವಿಲ್ಲ. ಆಸ್ಪತ್ರೆಯಲ್ಲಿ ಅಂಕಲ್‌ಗೆ ಮಗಳು ಹುಟ್ಟಿದ ದಿನ ಫೋನ್ ಮಾಡಿ ಶುಭಾಶಯ ಹೇಳಿ, ಹಿಂದಿನ ದಿನ ಮೂರನೇ ಹಾಡಿನಲ್ಲಿ ತಾಳ ಮೀರಿ ಓಡಿದ್ದೀಯ ಅಂತ ಸೇರಿಸಿದರಂತೆ. ಅಂಕಲ್ ಮಾತ್ರ ಎಲ್ಲದಕ್ಕೂ ನಗುತ್ತಿದ್ದರು. ಬೈಯುವವನಿಗೆ ಬೇರೆ ಯಾರು ಸಿಗುತ್ತಾರೆ, ಪಾಪ, ಅನ್ನುತ್ತಿದ್ದರು.

ಎರಡು ಕ್ಯಾಸೆಟ್ಟು, ಒಂದು ಸೀಡಿ ಆದಮೇಲೆ ಬಹಳ ವರ್ಷ ಸುಮ್ಮನಿದ್ದ ಬ್ಯಾಂಡು, ಹೋದ ವರ್ಷ ಇದ್ದಕ್ಕಿದ್ದಂತೆ ಹೊಸ ಆಲ್ಬಮ್ ಮಾಡಲು ಹೊರಟಿತು. ಎಂಟು ಹಾಡು, ಎಲ್ಲಾ ಹೊಸದು. ದುಡ್ಡು ಕೊಟ್ಟು ಸ್ಟುಡಿಯೋ ಹಿಡಿದರೆ ಅಲ್ಲಿ ಗಡಿಯಾರ ನೋಡುತ್ತಾರೆ, ಅದು ತನಗೆ ಆಗದು ಅಂತ ಮಾವ ಮನೆಯ ಹಿಂದಿನ ದನದ ಕೊಟ್ಟಿಗೆಯನ್ನೇ ಸ್ಟುಡಿಯೋ ಮಾಡಿದರು. ದನ ಹೋಗಿ ಯಾವ ಕಾಲವೋ ಆಗಿತ್ತು. ಮೇವು ಹಾಕುವ ಗೊಂತು ಮಾತ್ರ ಹಾಗೇ ಇತ್ತು. ಅದರ ಮೇಲೆ ಆಂಪ್ಲಿಫೈಯರ್ ಕೂತಿತು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಗುಂಯ್‌ಗುಡುವುದಿಲ್ಲ ಅಂತ ಯಾರೋ ಹೇಳಿದರು. ಸರಿ, ಟ್ರೇಗಟ್ಟಲೆ ಮೊಟ್ಟೆ ಬಂತು. ಎರಡು ತಿಂಗಳು ಮೊಟ್ಟೆ ಸಾರು, ಮೊಟ್ಟೆ ಪಲ್ಯ, ಮೊಟ್ಟೆ ದೋಸೆ. ಒಂದು ದಿನ ಉಪ್ಪಿಟ್ಟಿನಲ್ಲೂ ಮೊಟ್ಟೆ ಕಂಡು ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ನಾಲ್ಕು ಗೋಡೆಯೂ ಮುಚ್ಚಿದ ಮೇಲೆ ಅಂಗಡಿಯವನು ಕೇಳಿದನಂತೆ, ಬರೀ ಟ್ರೇ ಬೇಕಿದ್ದರೆ ಹೇಳಬಾರದಿತ್ತೇ, ನಮ್ಮಲ್ಲಿ ರಾಶಿ ಬಿದ್ದಿರುತ್ತದಲ್ಲ ಅಂತ.

ಸಹಕಾರನಗರದಲ್ಲಿರುವ ನನಗೆ ಈ ಆಲ್ಬಮ್ಮಿನಲ್ಲಿ 'ಸೌಂಡ್ ಇನ್‌ಚಾರ್ಜ್' ಅನ್ನುವ ಪದವಿ ಸಿಕ್ಕಿತು. ಒಳಗಿನ ಸೌಂಡಿಗಲ್ಲ, ಹೊರಗಿನದಕ್ಕೆ! ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕಸದ ಗಾಡಿ ಹಾಡುತ್ತಾ ಬಂದರೆ ಓಡಿಹೋಗಿ ನಿಲ್ಲಿಸುವುದು, ತರಕಾರಿ ಗಾಡಿಯ ಮೈಕನ್ನು ಕೈಮುಗಿದು ಆರಿಸುವುದು, ಅತ್ತೆಯ ಕುಕ್ಕರ್ ಮೂರನೇ ವಿಷಲ್ ಕೂಗದಂತೆ ತಡೆಯುವುದು ನನ್ನ ಕೆಲಸ. ಇದನ್ನೆಲ್ಲ ನಿಭಾಯಿಸಿದೆ. ಆದರೆ ಯಲಹಂಕದ ಕಡೆ ಯುದ್ಧವಿಮಾನಗಳ ತಾಲೀಮು ಶುರುವಾದಾಗ ನಾನು ಯಾರಿಗೆ ಕೈಮುಗಿಯಲಿ? ಐದನೇ ಹಾಡಿನ ನಡುವೆ ಒಂದು ವಿಮಾನ ಕೊಟ್ಟಿಗೆಯ ಹೆಂಚು ಅದುರುವಂತೆ ಹಾದುಹೋಯಿತು. ಹಾಡು ಮುಗಿದ ಮೇಲೆ, ಇದು ಕೆಟ್ಟಿತು ಅಂತ ಎಲ್ಲರೂ ಕೈಚೆಲ್ಲಿದರು. ಮಾವ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿ, ಅದು ಸರಿಯಾಗಿ ಒಂದಕ್ಕೇ ಬಿದ್ದಿದೆ, ಇರಲಿ ಅಂದರು. ಈಗಲೂ ಆ ಹಾಡು ಕೇಳಿದವರು ಅಲ್ಲಿ ಯಾವ ಕೀಬೋರ್ಡ್ ಬಳಸಿದ್ದೀರಿ ಅಂತ ಕೇಳುತ್ತಾರೆ.

ಏಳು ಹಾಡು ಮುಗಿದಿತ್ತು. ಎಂಟನೆಯದಕ್ಕೆ ದಿನ ಗೊತ್ತುಮಾಡಿದ್ದರು. ಆ ವಾರ ಅಂತೋಣಿ ಅಂಕಲ್ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಸ್ಟ್ರೋಕ್. ಜೀವ ಉಳಿಯಿತು, ಮಾತು ನಿಧಾನವಾಗಿ ಮರಳಿತು. ಬಲಗೈ ಮಾತ್ರ ತನ್ನದಲ್ಲ ಎಂಬಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಮಾವ ದಿನಾ ಶೆಟ್ಟಿಹಳ್ಳಿಗೆ ಹೋಗುತ್ತಿದ್ದರು. ಅಲ್ಲಿ ಏನು ಮಾಡುತ್ತೀರಿ ಅಂತ ಕೇಳಿದರೆ, ಬೈದು ಬರುತ್ತೇನೆ ಅನ್ನುತ್ತಿದ್ದರು.

ಐದು ತಿಂಗಳಾದ ಮೇಲೆ ಅಂಕಲ್ ತಾನೇ ಕೇಳಿಕೊಂಡು ಕೊಟ್ಟಿಗೆಗೆ ಬಂದರು. ಹೆಂಡತಿ ತೋಳು ಹಿಡಿದು ಡ್ರಮ್ಮಿನ ಹಿಂದೆ ಕೂರಿಸಿದರು. ಬಲಗೈಗೆ ಸ್ಟಿಕ್ ಇಟ್ಟು ಬೆರಳು ಮಡಿಸಿಕೊಟ್ಟರು. ಹಾಡು ಶುರುವಾಯಿತು. ಎಡಗೈ, ಕಾಲು ಎಲ್ಲಾ ಸರಿ; ಬಲಗೈ ಮಾತ್ರ ಪ್ರತಿ ಸಲವೂ ಹಿಂದೆ ಬೀಳುತ್ತಿತ್ತು. ಸಾಸಿವೆ ಕಾಳಿನಷ್ಟಲ್ಲ, ನನ್ನಂಥವಳಿಗೂ ಗೊತ್ತಾಗುವಷ್ಟು. ನಾನು ಬಾಗಿಲಲ್ಲಿ ಕೂತು ಮಾವನ ಮುಖ ನೋಡುವ ಧೈರ್ಯವಿಲ್ಲದೆ ಮೊಟ್ಟೆ ಟ್ರೇ ಎಣಿಸುತ್ತಿದ್ದೆ.

ನಾಲ್ಕು ಸಲ ನಿಲ್ಲಿಸಿ ನಾಲ್ಕು ಸಲ ಶುರುಮಾಡಿದರು. ಗಿಟಾರ್ ನುಡಿಸುವವರು ಒಳ್ಳೆಯವರೇ, ಅಂಕಲ್‌ಗೆ ಕಷ್ಟವಾಗುವುದು ಬೇಡ ಅಂತಲೇ, ಈ ಒಂದು ಹಾಡಿಗೆ ಕಂಪ್ಯೂಟರಿನ ಡ್ರಮ್ ಹಾಕೋಣ ಅಂದರು. ಲ್ಯಾಪ್‌ಟಾಪ್ ತೆರೆದು ಕೇಳಿಸಿಯೂಬಿಟ್ಟರು. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು! ಕೂದಲೆಳೆಯಷ್ಟೂ ಹಿಂದೆ ಮುಂದೆ ಇಲ್ಲ. ನಲವತ್ತು ವರ್ಷದಿಂದ ಮಾವ ಹುಡುಕುತ್ತಿದ್ದ ಡ್ರಮ್ಮರ್ ಕೊನೆಗೂ ಸಿಕ್ಕಿದ್ದ. ಹಾಡುವವರೂ ತಲೆಯಾಡಿಸಿದರು. ಅಂತೋಣಿ ಅಂಕಲ್ ಸ್ಟಿಕ್ ಕೆಳಗಿಟ್ಟು, "ಅದನ್ನೇ ಹಾಕ್ಕೊಳ್ಳಿ. ನನ್ನಿಂದ ಎಲ್ಲಾ ಲೇಟಾಗ್ತಿದೆ" ಅಂದರು. ಅವರ ಹೆಂಡತಿ ಹೊರಗೆ ನನ್ನ ಪಕ್ಕ ಬಂದು ನಿಂತುಕೊಂಡರು.

ಮಾವ ತಂತಿಯನ್ನು ಸುಮ್ಮನೆ ಬಿಗಿ ಮಾಡಿದರು, ಸಡಿಲ ಮಾಡಿದರು. ಆಮೇಲೆ ಎದ್ದು ಹೋಗಿ ಲ್ಯಾಪ್‌ಟಾಪ್ ಮುಚ್ಚಿದರು. ತಮ್ಮ ಸ್ಟೂಲನ್ನು ಎಳೆದುಕೊಂಡು ಅಂಕಲ್‌ನ ಬಲಗೈ ಎದುರಿಗೇ, ಮೊಣಕಾಲು ಡ್ರಮ್ಮಿಗೆ ತಾಗುವಂತೆ ಕೂತರು. ಮಿಕ್ಕಿಬ್ಬರಿಗೆ ಹೇಳಿದರು:

"ಅವನು ಲೇಟಾಗಿಲ್ಲ. ನಾವು ಬೇಗ ಬರ್ತಿದೀವಿ."

ಅಂತೋಣಿ ಅಂಕಲ್ ಏನೋ ಹೇಳಹೊರಟರು. ಮಾವ, "ನೀನು ಹೊಡಿ. ಬಿದ್ದಲ್ಲಿ ನಾನಿರ್ತೀನಿ" ಅಂದರು.

ಮತ್ತೆ ಶುರುವಾಯಿತು. ಈ ಸಲ ಮಾವ ಯಾವ ಎಣಿಕೆಯನ್ನೂ ಹೇಳಲಿಲ್ಲ. ಆ ಕೈಯನ್ನೇ ನೋಡುತ್ತಾ ಕೂತರು. ಕೈ ಮೇಲೆದ್ದಾಗ ಉಸಿರು ಹಿಡಿದು, ಅದು ಗಾಳಿಯಲ್ಲಿ ತಡವರಿಸುವಷ್ಟು ಹೊತ್ತೂ ಕಾದು, ಇಳಿದ ಕ್ಷಣಕ್ಕೆ ತಂತಿಗೆ ಹೊಡೆದರು. ಎರಡೂ ಒಟ್ಟಿಗೆ ಬಿದ್ದವು. ಮತ್ತೆ ಕಾದರು, ಮತ್ತೆ ಬಿದ್ದವು. ಸ್ವಲ್ಪ ಹೊತ್ತಿಗೆ ಹಾಡುವವರೂ ಗಿಟಾರಿನವರೂ ಆ ನಡಿಗೆಗೆ ಬಂದರು. ಕುಣಿಸಲೆಂದು ಮಾಡಿದ ಹಾಡು, ತುಂಬು ಬಸುರಿಯ ಹಾಗೆ ನಿಧಾನವಾಗಿ, ಭಾರವಾಗಿ ನಡೆಯತೊಡಗಿತು. ಆ ಹೊತ್ತಿಗೇ ಬೀದಿಯಲ್ಲಿ ತರಕಾರಿ ಗಾಡಿ ಕೂಗಿತು. ನಾನು ಏಳುವ ಮೊದಲೇ ಅಂಕಲ್ ಹೆಂಡತಿ ಗೇಟಿನತ್ತ ಓಡಿದ್ದರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.

ಆಲ್ಬಮ್ ಈಗ ಫೋನಿನಲ್ಲಿ ಸಿಗುತ್ತದೆ. ಎಷ್ಟು ಜನ ಕೇಳಿದರು ಅಂತ ಕೇಳಬೇಡಿ, ನಮ್ಮ ನೆಂಟರೆಲ್ಲ ಸೇರಿದರೂ ಒಂದು ಮಿನಿ ಬಸ್ಸು ತುಂಬುವುದಿಲ್ಲ. ಕೇಳಿದವರು ಮಾತ್ರ ಕೊನೆಯ ಹಾಡನ್ನು ಮತ್ತೊಮ್ಮೆ ಹಾಕುತ್ತಾರೆ. ಯಾಕೆ ಅಂತ ಅವರಿಗೂ ಗೊತ್ತಿಲ್ಲ.

ಅದು ಹೊರಬಂದ ಭಾನುವಾರ ಶೆಟ್ಟಿಹಳ್ಳಿಯಲ್ಲಿ ಅಂಕಲ್ ಮನೆಯಲ್ಲಿ ಮಟನ್ ಬಿರಿಯಾನಿ. ಸಣ್ಣ ಸ್ಪೀಕರಿನಲ್ಲಿ ಎಂಟೂ ಹಾಡು ಹಾಕಿ ಊಟಕ್ಕೆ ಕೂತೆವು. ನಾಲ್ಕನೇ ಹಾಡು ಬಂದಾಗ ಇಲ್ಲಿ ನೀನು ಓಡಿದ್ದೀಯ ಅಂದರು ಮಾವ. ಓಡಿದ್ದು ನೀನು, ನಾನು ಹಿಡಿಯೋಕೆ ಬಂದೆ ಅಂದರು ಅಂಕಲ್, ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಾ. ಜಗಳ ಕಾವೇರಿತು. ಮಾವ ಜೋರಾಗಿ ವಾದಿಸುತ್ತಿದ್ದರು, ಒಂದು ಸಲವೂ ಕೆಳಗೆ ನೋಡಲಿಲ್ಲ. ಅವರ ಕೈ ಮಾತ್ರ ಅಂತೋಣಿ ಅಂಕಲ್‌ನ ತಟ್ಟೆಯಲ್ಲಿತ್ತು. ಮೂಳೆಯಿಂದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ, ಅವರ ಚಮಚಕ್ಕೆ ಎಟಕುವ ಹಾಗೆ, ಅನ್ನದ ಮೇಲೆ ಇಡುತ್ತಿದ್ದರು.