ಟ್ರಿಪಲ್ ಇಂಜೆಕ್ಷನ್‌ಗೆ ನಾನು ತುಂಬಿದ ಧೈರ್ಯ

ಬೊಂಬಾಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿಗೆ ಧೈರ್ಯ ತುಂಬುವ ಹೊಣೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನೇ ವಹಿಸಿಕೊಂಡಿದ್ದೆ. ಎಂಬತ್ತರ ದಶಕದ ಆ ದಿನಗಳಲ್ಲಿ ಪಕ್ಕದ ಬಿಲ್ಡಿಂಗಿನ ಮಗುವೊಂದು ನಾಯಿಕೆಮ್ಮಿನಿಂದ ಒದ್ದಾಡುತ್ತಿತ್ತು. ಆದರೂ ಎದುರುಮನೆಯ ಕಲ್ಯಾಣಿ ತನ್ನ ಮಗುವಿಗೆ ಅದನ್ನು ತಡೆಯುವ ಟ್ರಿಪಲ್ ಇಂಜೆಕ್ಷನ್ ಹಾಕಿಸಲು ಒಪ್ಪಿರಲಿಲ್ಲ. ಗಂಡ ಉಡುಪಿ ಹೋಟೆಲಿನಲ್ಲಿ ಕ್ಯಾಷಿಯರ್, ಬರುವುದು ತಡ. ಅಷ್ಟರೊಳಗೆ ಇಂಜೆಕ್ಷನ್ನಿನಿಂದ ಮಗುವಿಗೆ ಜ್ವರ ಬಂದರೆ ತಾನೊಬ್ಬಳೇ ಎಂಬ ಹೆದರಿಕೆ ಅವಳಿಗೆ. ನನಗೂ ಆ ಮಗುವಿನದೇ ಚಿಂತೆ.

"ಭಾನುವಾರ ಬಿಲ್ಡಿಂಗಿಗೆ ಡಾಕ್ಟರಮ್ಮ ಬರ್ತಾರಲ್ಲ, ನಿನ್ನೆದುರೇ ನಾನು ಮೊದಲು ಚುಚ್ಚಿಸ್ಕೊಳ್ತೀನಮ್ಮ," ಎಂದೆ. ತುಕ್ಕು ಹಿಡಿದ ಕಿಟಕಿ ಸರಳು ತರಚಿ, ನನಗೂ ಧನುರ್ವಾಯುವಿನ ಇಂಜೆಕ್ಷನ್ ಬೇಕಿತ್ತು.

ಆ ಭಾನುವಾರ ಸಂಕಷ್ಟಿ. ನಾನು ವಿಜ್ಞಾನದ ಕಡೆಯವನು. ಆದರೂ ವಿಜ್ಞಾನಕ್ಕೆ ಗಣಪತಿಯ ಬೆಂಬಲವೂ ಇರಲಿ ಎಂದು, ಹೆಂಡತಿ ವನಜಾ ಬೇಡವೆಂದರೂ ಕೇಳದೆ, ನೀರನ್ನೂ ಮುಟ್ಟದೆ ಉಪವಾಸ ಹಿಡಿದೆ!

ಮಧ್ಯಾಹ್ನ ಕೆಳಗಿನ ವರಾಂಡದಲ್ಲಿ ಬಿಸಿಲು ತೂಕಡಿಸುತ್ತಿತ್ತು. ದೂರದಲ್ಲಿ ಲೋಕಲ್ ರೈಲೊಂದು ಜೋಗುಳದ ಹಾಗೆ ಹಾದುಹೋಯಿತು. ನಾನು ತೋಳು ಚಾಚಿ, "ನೋಡಮ್ಮ, ಇರುವೆ ಕಚ್ಚಿದಷ್ಟೇ..." ಎಂದೆ. ಡಾಕ್ಟರಮ್ಮ ಹತ್ತಿಗೆ ಸ್ಪಿರಿಟ್ ಹಾಕಿದರು. ಆ ವಾಸನೆ ತಲೆಯೊಳಗೆ ಮೆಲ್ಲಗೆ ಹರಡಿತು. ಹತ್ತಿ ದೊಡ್ಡದಾಗುತ್ತಾ ಮೋಡವಾಯಿತು. ಅದರ ಮೇಲೆ ನಾನು ಕುಳಿತಿದ್ದೆ. ಚೆಂಬೂರಿನ ಮಕ್ಕಳೆಲ್ಲ ತೊಟ್ಟಿಲು ಸಮೇತ ತೇಲಿಬಂದು ನನಗೆ ಹಾರ ಹಾಕುತ್ತಿದ್ದವು. ಒಂದಕ್ಕೂ ಕೆಮ್ಮಿಲ್ಲ. ಎಂಥ ಸುಖ! ನಾನು ಭಾಷಣಕ್ಕೆ ಎದ್ದು ನಿಂತೆ.

ಮುಖಕ್ಕೆ ನೀರು ಬಿತ್ತು.

"ರೀ, ಕಣ್ಬಿಡಿ. ಉಪವಾಸ ಬೇಡ ಅಂತ ಬಡ್ಕೊಂಡೆ," ಎಂದಳು ವನಜಾ.

"ಇಂಜೆಕ್ಷನ್ ಆಯ್ತಾ?" ಎಂದೆ.

"ಸೂಜಿ ಇನ್ನೂ ಕುದಿಯುವ ನೀರಲ್ಲೇ ಉಂಟು," ಎಂದಳು ಕಲ್ಯಾಣಿ.

ಎಲ್ಲ ಕೆಟ್ಟಿತು, ಇನ್ನು ಇವಳು ಒಪ್ಪುವುದಿಲ್ಲ ಎಂದು ನನಗೆ ಅಳುವೇ ಬಂತು. ಅವಳ ಸೊಂಟದ ಮೇಲಿದ್ದ ಮಗು ಮಾತ್ರ ನೆಲದಲ್ಲಿ ಅಂಗಾತ ಬಿದ್ದ ನನ್ನನ್ನು ನೋಡಿ ಕೇಕೆ ಹಾಕಿ ನಗುತ್ತಿತ್ತು. ಕಲ್ಯಾಣಿ ಇಬ್ಬರನ್ನೂ ನೋಡಿದಳು.

"ಇವರಷ್ಟು ಹೆದರುವವಳಲ್ಲ ನಾನು, ವನಜಕ್ಕ. ಮಗುವಿಗೆ ಜ್ವರ ಬಂದ್ರೆ ನೀವು ಬರ್ತೀರಲ್ಲ?"

"ಬರೋದೇನು, ನಿಮ್ಮನೇಲೇ ಇರ್ತೀನಿ. ಇವರನ್ನ ನೋಡ್ಕೊಳ್ಳೋದಕ್ಕಿಂತ ಮಗು ಸುಲಭ."

ಕಲ್ಯಾಣಿ ಚುಚ್ಚಿಸಿದಳು. ಮಗು ಒಂದು ಗಳಿಗೆ ಅತ್ತು, ನನ್ನ ಕಡೆ ನೋಡಿ ಮತ್ತೆ ನಕ್ಕಿತು.

ಮುಂದಿನ ತಿಂಗಳು ಎರಡನೆಯ ಡೋಸಿನ ದಿನ ಅವಳೇ ಬಂದು ಬಾಗಿಲು ತಟ್ಟಿದಳು. ಕೊನೆಗೂ ನನ್ನ ಧೈರ್ಯದ ಬೆಲೆ ತಿಳಿಯಿತಲ್ಲ ಎಂದು ಶರ್ಟಿನ ತೋಳು ಮಡಿಸುತ್ತ ಹೊರಬಂದೆ.

"ಚುಚ್ಚಿಸುವುದೆಲ್ಲ ಬೇಡ ಮಾರಾಯ್ರೆ," ಎಂದಳು. "ಮಗು ಅಳ್ತದೆ. ಬಂದು ಸುಮ್ಮನೆ ಒಮ್ಮೆ ಬಿದ್ದುಬಿಡಿ."